ಒಡಲೊಳಗಿನ ಗಂಟಿಗೆ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳಿದ ನಮ್ಮ ಹಿರಿಯರು, ಹೊಟ್ಟೆಯೊಳಗಿನ ಹುಣ್ಣಿಗೆ ಯಾವ ಕನ್ನಡಿಯನ್ನು ಹಿಡಿಯಬೇಕೆಂಬುದನ್ನು ಹೇಳಲಿಲ್ಲ. ಹೇಳುವ ಉಪಾಯವೂ ಅವರಿಗಿರಲಿಲ್ಲ. ಕೈಯ ಹುಣ್ಣು ಕಣ್ಣಿಗೆ ಬೀಳುತ್ತದೆ. ಕಾಲಿನ ಮುಳ್ಳು ಹೆಜ್ಜೆಯಿಟ್ಟರೆ ತಿಳಿಯುತ್ತದೆ. ಹೊಟ್ಟೆಯ ಸಂಗತಿ ಹಾಗಲ್ಲ. ಅದು ಉಬ್ಬಿದ್ದು ಊರಿಗೆಲ್ಲ ಕಾಣುತ್ತದೆ, ಏಕೆ ಉಬ್ಬಿತೆಂಬುದು ಯಾರಿಗೂ ಕಾಣುವುದಿಲ್ಲ. ಕಾಣದ ಕಡೆಯಲ್ಲಿ ಊಹೆ ಬೆಳೆಯುತ್ತದೆ. ಆ ಊಹೆ ಹೆಂಗಸೊಬ್ಬಳ ಹೊಟ್ಟೆಯನ್ನು ಕುರಿತದ್ದಾದರೆ ಎಷ್ಟು ಬೇಗ ಬೆಳೆಯುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಊಹೆಯ ಆಟ ನಮ್ಮ ದೇಶಕ್ಕೇ ಮೀಸಲಾದುದಲ್ಲ. 1809ರಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಯ ಹೊಟ್ಟೆ ಬೆಳೆಯುತ್ತ ಹೋದಾಗ, ನೋಡಿದ ವೈದ್ಯರು ಅದನ್ನು ದಿನ ಮೀರಿದ ಬಸುರೆಂದು, ಅವಳಿ ಮಕ್ಕಳಿರಬಹುದೆಂದು ಭಾವಿಸಿದ್ದರು. ಎಫ್ರೈಮ್ ಮೆಕ್‌ಡೊವೆಲ್ ಎಂಬ ಶಸ್ತ್ರವೈದ್ಯರು ಕೈಯಿಂದ ಪರೀಕ್ಷಿಸಿ, ಇದು ಬಸುರಲ್ಲ, ಅಂಡಾಶಯದ ಗಡ್ಡೆ ಎಂದರು. ಆ ತಾಯಿ ಸುಮಾರು 60 ಮೈಲಿ ಕುದುರೆಯ ಮೇಲೆ ಸಾಗಿ ಡ್ಯಾನ್‌ವಿಲ್ ಊರಿನಲ್ಲಿದ್ದ ಅವರ ಮನೆಯನ್ನು ಸೇರಿದಳು. ಅರಿವಳಿಕೆಯ ಮದ್ದು ಇನ್ನೂ ಬಳಕೆಗೆ ಬಾರದ ಕಾಲ. ಸುಮಾರು 25 ನಿಮಿಷಗಳಲ್ಲಿ ಹೊರತೆಗೆದ ಗಡ್ಡೆಯ ತೂಕ 22½ ಪೌಂಡು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 10 ಕಿಲೋಗ್ರಾಂ. ಆಕೆ ಬದುಕಿ 78 ವರ್ಷ ಬಾಳಿದಳು. ಆದರೆ ಮೆಕ್‌ಡೊವೆಲ್‌ಗೆ ಬೆರಳ ತುದಿಯೇ ಕಣ್ಣಾಗಿತ್ತು. ಹೊಟ್ಟೆಯನ್ನು ತೆರೆಯದೆ ಒಳಗೇನಿದೆಯೆಂದು ಖಚಿತವಾಗಿ ತಿಳಿಯುವ ದಾರಿ ಅಂದು ಯಾರಿಗೂ ಇರಲಿಲ್ಲ.

1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷಕಿರಣ ಎಲುಬುಗಳನ್ನೇನೋ ತೋರಿಸಿಕೊಟ್ಟಿತು. ಕರುಳು, ಅಂಡಾಶಯ, ನೀರು ತುಂಬಿದ ಚೀಲ ಇವೆಲ್ಲ ಅದರ ಕಣ್ಣಿಗೆ ಒಂದೇ ಬಗೆಯ ಮಬ್ಬು. ಆ ಮಬ್ಬನ್ನು ಬಿಡಿಸಿದ್ದು ಬೆಳಕಲ್ಲ, ಶಬ್ದ.

ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇಯಾನ್ ಡೊನಾಲ್ಡ್ ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿ ದುಡಿದವರು. ಪ್ರತಿಧ್ವನಿಯಿಂದ ಕಾಣದ ವಸ್ತುವನ್ನು ಹುಡುಕುವ ವಿದ್ಯೆಯ ಪರಿಚಯ ಅವರಿಗಿತ್ತು. 1955ರಲ್ಲಿ ಅವರು ರೋಗಿಗಳಿಂದ ತೆಗೆದ ಗಡ್ಡೆಗಳನ್ನೂ ನೀರ್ಚೀಲಗಳನ್ನೂ ಎರಡು ಕಾರುಗಳ ಡಿಕ್ಕಿಯಲ್ಲಿ ತುಂಬಿಕೊಂಡು, ಹೋಲಿಕೆಗೆಂದು ಒಂದು ದೊಡ್ಡ ತುಂಡು ಮಾಂಸವನ್ನೂ ಜೊತೆಗಿರಿಸಿಕೊಂಡು, ಬಾಯ್ಲರುಗಳನ್ನು ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋದರು. ಲೋಹದೊಳಗಿನ ಬಿರುಕನ್ನು ಶಬ್ದದಿಂದ ಪತ್ತೆಮಾಡುವ ಯಂತ್ರ ಅಲ್ಲಿತ್ತು. ಆ ಯಂತ್ರ ಗಟ್ಟಿ ಗಡ್ಡೆಗೆ ಒಂದು ಬಗೆಯಾಗಿ, ನೀರು ತುಂಬಿದ ಗಡ್ಡೆಗೆ ಇನ್ನೊಂದು ಬಗೆಯಾಗಿ ಉತ್ತರ ಕೊಟ್ಟಿತು. ಡೊನಾಲ್ಡ್‌ಗೆ ಅಷ್ಟು ಸಾಕಾಯಿತು.

ಅದಾದ ಸ್ವಲ್ಪ ಕಾಲಕ್ಕೆ ಅವರ ಬಳಿಗೆ ಒಬ್ಬ ಹೆಂಗಸನ್ನು ಕಳುಹಿಸಲಾಯಿತು. ಹೊಟ್ಟೆ ಬಹಳವಾಗಿ ಉಬ್ಬಿತ್ತು. ಜಠರದ ಕ್ಯಾನ್ಸರಿನಿಂದ ಜಲೋದರವಾಗಿದೆ, ಶಸ್ತ್ರಚಿಕಿತ್ಸೆಯಿಂದ ಫಲವಿಲ್ಲ ಎಂದು ಬಲ್ಲವರು ತೀರ್ಮಾನಿಸಿದ್ದರು. ಡೊನಾಲ್ಡರ ಯಂತ್ರ ಬೇರೆ ಮಾತು ಹೇಳಿತು: ಹೊಟ್ಟೆಯ ತುಂಬ ಹರಡಿದ ನೀರಲ್ಲ, ಗೋಡೆಯುಳ್ಳ ಒಂದು ದೊಡ್ಡ ಚೀಲ. ತೆರೆದು ನೋಡಿದಾಗ ಅದು ಅಂಡಾಶಯದ ಲೋಳೆ ತುಂಬಿದ ಗಡ್ಡೆ, ಕ್ಯಾನ್ಸರಲ್ಲ. ಸಾವಿನ ದಾರಿಯಲ್ಲಿದ್ದಾಳೆಂದು ಬಗೆದಿದ್ದ ಹೆಂಗಸು ಗುಣಹೊಂದಿ ಮನೆಗೆ ಹೋದಳು. 1958ರ ಜೂನ್ 7ರಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಡೊನಾಲ್ಡ್, ಅವರ ಸಹವೈದ್ಯ ಜಾನ್ ಮೆಕ್‌ವಿಕರ್, ಎಂಜಿನಿಯರ್ ಟಾಮ್ ಬ್ರೌನ್ ಈ ಮೂವರ ಲೇಖನ ಪ್ರಕಟವಾಯಿತು. ಬಸುರಿಯರ ಸ್ಕ್ಯಾನಿಂಗ್ ಎಂದೇ ಇಂದು ಮನೆಮಾತಾಗಿರುವ ವಿದ್ಯೆ ಮೊದಲು ಹೆಸರು ಪಡೆದದ್ದು ಹೊಟ್ಟೆಯ ಗಡ್ಡೆಗಳ ಪರೀಕ್ಷೆಯಿಂದ ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ.

ಅದರ ತತ್ತ್ವ ಸರಳವಾದುದು. ಹಳ್ಳಿಯ ಹುಡುಗರು ಬಾವಿಗೆ ಕಲ್ಲೆಸೆದು, ಸದ್ದು ಬರುವ ತನಕ ಎಣಿಸಿ ಆಳವನ್ನು ಅಂದಾಜು ಮಾಡುವುದುಂಟಷ್ಟೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ಹೊಟ್ಟೆಯನ್ನು ನೋಡುವ ಯಂತ್ರ ಸಾಮಾನ್ಯವಾಗಿ 20 ಲಕ್ಷದಿಂದ 50 ಲಕ್ಷ ಕಂಪನಗಳ ಶಬ್ದವನ್ನು ಒಳಗೆ ಕಳುಹಿಸುತ್ತದೆ. ಮೃದುವಾದ ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಓಡುವ ಆ ಶಬ್ದ, ಒಂದು ಪದರದಿಂದ ಇನ್ನೊಂದಕ್ಕೆ ದಾಟುವಲ್ಲೆಲ್ಲ ಸ್ವಲ್ಪ ಸ್ವಲ್ಪ ಹಿಂದಿರುಗುತ್ತದೆ. ಹಿಂದಿರುಗಿದ ಸದ್ದುಗಳೇ ಪರದೆಯ ಮೇಲಿನ ಚಿತ್ರ. ತಿಳಿನೀರಿನೊಳಗೆ ಸದ್ದನ್ನು ಹಿಂದಿರುಗಿಸುವ ಪದರವಿಲ್ಲ. ಆದುದರಿಂದ ನೀರ್ಚೀಲ ಕಪ್ಪಗೆ, ಅದರ ಹಿಂಬದಿ ಬೆಳ್ಳಗೆ ತೋರುತ್ತದೆ.

ಈ ವಿದ್ಯೆಯ ಬೆಲೆ ನನಗೆ ತಿಳಿದದ್ದು ನನ್ನ ಚಿಕ್ಕಮ್ಮನಿಂದ. ಚಿಕ್ಕಪ್ಪ ತೀರಿಕೊಂಡು ಆರು ವರ್ಷಗಳಾಗಿದ್ದವು, ಚಿಕ್ಕಮ್ಮನಿಗೆ ಐವತ್ತೆರಡು. ಕೈಕಾಲು ಕಡ್ಡಿಯಾಗುತ್ತ ಹೊಟ್ಟೆಯೊಂದೇ ಬೆಳೆಯತೊಡಗಿತು. ಗಂಡನಿಲ್ಲದ ಹೆಂಗಸಿನ ಹೊಟ್ಟೆ ಬೆಳೆದರೆ ಬೀದಿಯ ಕಣ್ಣು ಎಲ್ಲಿ ನಿಲ್ಲುತ್ತದೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಸೆರಗನ್ನು ಎರಡು ಸುತ್ತು ಹೊದ್ದರು. ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟರು. ಕೊನೆಗೆ ದೇವಸ್ಥಾನಕ್ಕೂ ಹೋಗದಾದರು. ಊರಿನ ವೈದ್ಯರೊಬ್ಬರು ಜಲೋದರವೆಂದರು. ಒಳಗೆ ಕ್ಯಾನ್ಸರಿರಬಹುದೆಂಬ ಸೂಚನೆಯನ್ನೂ ಕೊಟ್ಟರು. ಪರೀಕ್ಷೆ ಮಾಡಿಸೋಣವೆಂದರೆ ಚಿಕ್ಕಮ್ಮ ಒಪ್ಪಲಿಲ್ಲ. “ಗೊತ್ತಿಲ್ಲದಿದ್ದರೆ ಒಂದೇ ಸಂಕಟ ಕಣಪ್ಪ, ಗೊತ್ತಾದರೆ ಎರಡು” ಎಂದು ನನ್ನ ಬಾಯಿ ಮುಚ್ಚಿಸಿಬಿಟ್ಟರು.

ಅವರನ್ನು ಒಪ್ಪಿಸಿದವಳು ಸೊಸೆ. “ಅತ್ತೆ, ನೀವು ನೋಡಬೇಡಿ, ನಾನು ನೋಡುತ್ತೇನೆ. ನೀವು ಸುಮ್ಮನೆ ಮಲಗಿದ್ದರೆ ಸಾಕು” ಎಂದಳು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಬಸುರಿ ಹೆಣ್ಣುಮಕ್ಕಳ ಸಾಲು. ಇಲ್ಲಿ ಭ್ರೂಣದ ಲಿಂಗವನ್ನು ಪತ್ತೆ ಮಾಡುವುದಿಲ್ಲವೆಂದು 1994ರ ಕಾಯಿದೆಯಂತೆ ಗೋಡೆಗೆ ಹಾಕಿದ ಫಲಕ. ಆ ಸಾಲಿನಲ್ಲಿ ಕುಳಿತ ಒಂದು ಗಂಟೆ ತಮಗೆ ಒಂದು ವರ್ಷವಾಯಿತೆಂದು ಚಿಕ್ಕಮ್ಮ ತರುವಾಯ ಹೇಳಿದರು. ಒಳಗೆ ವೈದ್ಯೆ ಹೊಟ್ಟೆಗೆ ತಣ್ಣನೆಯ ಲೇಪ ಸವರಿ ಸಾಧನವನ್ನು ಓಡಿಸಿ, “ಅಮ್ಮಾ, ಸ್ವಲ್ಪ ಎಡಮಗ್ಗುಲಿಗೆ ಹೊರಳಿ” ಎಂದರು. ಜಲೋದರದ ನೀರಾದರೆ ಹೊರಳಿದ ಕಡೆಗೆ ಇಳಿಯುತ್ತದೆ, ಕರುಳು ಮೇಲಕ್ಕೆ ತೇಲುತ್ತದೆ. ಇಲ್ಲಿ ಹಾಗಾಗಲಿಲ್ಲ. ಕಿಬ್ಬೊಟ್ಟೆಯಿಂದ ಹೊಕ್ಕುಳ ಮೇಲಿನವರೆಗೆ ಒಂದೇ ಚೀಲ; ಒಳಗೆ ಈರುಳ್ಳಿಯ ಪೊರೆಯಷ್ಟು ತೆಳ್ಳನೆಯ ಅಡ್ಡಗೋಡೆಗಳು. ಕರುಳೆಲ್ಲ ಒಂದು ಮೂಲೆಗೆ ಸರಿದಿತ್ತು. “ಹೊಟ್ಟೆಯಲ್ಲಿ ನೀರು ತುಂಬಿಕೊಂಡಿಲ್ಲ ಅಮ್ಮಾ, ನೀರಿನ ಚೀಲ ಬೆಳೆದಿದೆ” ಎಂದರು ವೈದ್ಯೆ. ಬಳಿಕ ರಕ್ತಪರೀಕ್ಷೆಯೂ ಸಿ.ಟಿ. ಸ್ಕ್ಯಾನೂ ಆದವು. ಶಸ್ತ್ರವೈದ್ಯರು ಚೀಲವನ್ನು ಒಡೆಯದೆ ಇಡಿಯಾಗಿ ಹೊರತೆಗೆದರು. ತೂಕ 7 ಕಿಲೋ. ಸೂಕ್ಷ್ಮದರ್ಶಕದ ವರದಿ ಬರುವವರೆಗಿನ ಹತ್ತು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡಲಿಲ್ಲ. ವರದಿಯಲ್ಲಿ ಕ್ಯಾನ್ಸರಿರಲಿಲ್ಲ, ಗ್ಲಾಸ್ಗೋದ ಆ ಹೆಂಗಸಿಗಿದ್ದಂಥ ಲೋಳೆಯ ಗಡ್ಡೆಯೇ ಅದಾಗಿತ್ತು.

ಎಲ್ಲ ಗಡ್ಡೆಗಳೂ ಇಷ್ಟು ಸುಲಭವಾಗಿ ಗುರುತು ಕೊಡುವುದಿಲ್ಲ. ಅಂಡಾಶಯದ ಕೆಲವು ಗಡ್ಡೆಗಳೊಳಗೆ ಕೊಬ್ಬು, ಕೂದಲು, ಒಮ್ಮೊಮ್ಮೆ ಹಲ್ಲೂ ಇರುತ್ತವೆ. ಇದು ಮಾಟಮಂತ್ರವಲ್ಲ, ನಾನಾ ಅಂಗಾಂಶಗಳಾಗಿ ಬೆಳೆಯಬಲ್ಲ ಮೂಲಕೋಶವೊಂದು ದಾರಿ ತಪ್ಪಿ ಬೆಳೆದ ಫಲ. ನಾಯಿ ಮತ್ತು ಕುರಿಗಳ ನಡುವೆ ಬಾಳುವ ಹುಳುವೊಂದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಹೆಚ್ಚಾಗಿ ಯಕೃತ್ತಿನಲ್ಲಿ, ಅಪರೂಪವಾಗಿ ಕಿಬ್ಬೊಟ್ಟೆಯಲ್ಲಿ, ಮರಿಚೀಲಗಳನ್ನು ಒಳಗಿಟ್ಟುಕೊಂಡ ತಾಯಿಚೀಲ ಬೆಳೆಯುತ್ತದೆ. ಅದನ್ನು ಅರಿಯದೆ ಒಡೆದರೆ ಪ್ರಾಣಾಪಾಯವೂ ಉಂಟು. ಆದುದರಿಂದ ಕತ್ತರಿಗೆ ಮುಂಚೆ ಚಿತ್ರ ಬೇಕು. ಹಿಂದೆ ಶಸ್ತ್ರಚಿಕಿತ್ಸೆಯಾದ ಹೊಟ್ಟೆಯಲ್ಲಿ ಪೊರೆಗಳು ಅಂಟಿಕೊಂಡು, ಅವುಗಳ ನಡುವೆ ದ್ರವ ಸಿಕ್ಕಿ, ಬಲೆಯ ನಡುವಿನ ಜೇಡದಂತೆ ಅಂಡಾಶಯ ಕುಳಿತಿರುವುದುಂಟು. ಇನ್ನು ಕೆಲವು ವೃದ್ಧರಲ್ಲಿ ಗಡ್ಡೆಯೆಂದು ಎಲ್ಲರನ್ನೂ ಹೆದರಿಸಿದ್ದು ಕಟ್ಟಿಕೊಂಡ ಮೂತ್ರದ ಚೀಲವಷ್ಟೇ ಆಗಿರುತ್ತದೆ. ನಳಿಕೆ ಹಾಕಿದೊಡನೆ ಗಡ್ಡೆ ಮಾಯ!

ಶಬ್ದಕ್ಕೆ ಬಗೆಹರಿಯದ ಕಡೆ ಬೇರೆ ಕನ್ನಡಿಗಳುಂಟು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯನ್ನು ಪರೀಕ್ಷಿಸಿದ ಸಿ.ಟಿ. ಯಂತ್ರ, ಒಡಲನ್ನು ಸೌತೆಕಾಯಿಯ ಬಿಲ್ಲೆಗಳಂತೆ ಪದರ ಪದರವಾಗಿ ತೋರಿಸುತ್ತದೆ. ಎಂ.ಆರ್.ಐ. ಇನ್ನೂ ಸೂಕ್ಷ್ಮ. ಹಳೆಯ ರಕ್ತ ತುಂಬಿದ ಗಡ್ಡೆಯೂ ಕೊಬ್ಬು ತುಂಬಿದ ಗಡ್ಡೆಯೂ ಅದರಲ್ಲಿ ಒಂದೇ ಸಮನೆ ಹೊಳೆಯಬಹುದು. ಕೊಬ್ಬಿನ ಹೊಳಪನ್ನು ಅಡಗಿಸುವ ಉಪಾಯ ಹೂಡಿದೊಡನೆ ಒಂದು ಮಂಕಾಗುತ್ತದೆ, ಇನ್ನೊಂದು ಹೊಳೆಯುತ್ತಲೇ ಇರುತ್ತದೆ. ಇಷ್ಟಾದರೂ ಚಿತ್ರ ಹೇಳುವುದು ಸಂಭವವನ್ನು ಮಾತ್ರ. ಕೊನೆಯ ಮಾತು ಸೂಕ್ಷ್ಮದರ್ಶಕದ್ದು. ಹಾಗೆಯೇ, ವಯಸ್ಸಿನ ಹೆಣ್ಣುಮಕ್ಕಳ ಅಂಡಾಶಯದಲ್ಲಿ ಕಾಣುವ ಸಣ್ಣ ನೀರ್ಗುಳ್ಳೆಗಳು ಅನೇಕ ವೇಳೆ ತಾವಾಗಿಯೇ ಕರಗಿಹೋಗುತ್ತವೆ. ವರದಿಯಲ್ಲಿ ‘ಸಿಸ್ಟ್’ ಎಂಬ ಪದವನ್ನು ಓದಿದ ಮಾತ್ರಕ್ಕೆ ಎದೆ ಒಡೆದುಕೊಳ್ಳಬೇಕಾಗಿಲ್ಲ.

ಆದರೆ ಕನ್ನಡಿ ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬಿತೆನ್ನುವ ತಾಯಿ, ಪದೇ ಪದೇ ಮೂತ್ರಕ್ಕೆ ಏಳುವ ಅಕ್ಕ, ವಾರಗಟ್ಟಲೆ ಹೊಟ್ಟೆಯುಬ್ಬರವೆಂದು ಓಮದ ನೀರು ಕುಡಿದು ಸುಮ್ಮನಾಗುವ ಅತ್ತೆ ನಮ್ಮ ಮನೆಗಳಲ್ಲೇ ಇದ್ದಾರೆ. ಎಲ್ಲರಿಗೂ ತಮ್ಮ ಸಂಕಟಕ್ಕಿಂತ ಮನೆಯ ಖರ್ಚು ದೊಡ್ಡದು, ಖರ್ಚಿಗಿಂತ ಜನರ ಮಾತು ದೊಡ್ಡದು. ಅವರನ್ನು ಕೂರಿಸಿಕೊಂಡು ನಾಲ್ಕು ಮಾತು ಕೇಳಿ ವೈದ್ಯರ ಬಳಿಗೆ ಕರೆದುಕೊಂಡು ಹೋಗುವುದು ಮನೆಯವರ ಕೆಲಸ. ಅದನ್ನು ಯಾವ ಯಂತ್ರವೂ ಮಾಡಲಾರದು. ಚಿಕ್ಕಮ್ಮನಿಗೆ ಒಂದು ವರ್ಷ ತಡವಾಗಿಯಾದರೂ ಹಾಗೆ ಕೇಳುವ ಸೊಸೆಯೊಬ್ಬಳಿದ್ದಳು. ಮೊನ್ನೆ ಕಾರ್ತಿಕದ ದೀಪೋತ್ಸವದಲ್ಲಿ ಅವರು ಎಲ್ಲರಿಗಿಂತ ಮುಂದೆ ನಿಂತು ದೀಪ ಹಚ್ಚುತ್ತಿದ್ದರು.