ರಾತ್ರಿಶಾಲೆಯ ಮಾಣಿಗಳು

ಮುಂಬಯಿಯಲ್ಲಿ ಹಸಿದು ಅಲೆಯುವವನು ಫಲಕವೊಂದರ ಮೇಲೆ ‘ಉಡುಪಿ’ ಎಂಬ ಮೂರಕ್ಷರ ಕಂಡರೆ ಧೈರ್ಯ ತಾಳುತ್ತಾನೆ. ಕಿಸೆಯಲ್ಲಿರುವ ಚಿಲ್ಲರೆಗೆ ಬಿಸಿ ಇಡ್ಲಿ, ಮೇಲೊಂದು ಸೌಟು ಸಾಂಬಾರು ಅಲ್ಲಿ ದೊರೆಯುವುದೆಂಬ ನಂಬಿಕೆ ಅವನದು. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟಕ್ಕೆ ಇಂದಿಗೂ ಜನ ಸಾಲುಗಟ್ಟುತ್ತಾರೆ.

ಇಂಥ ಹೋಟೆಲುಗಳ ಅಗ್ಗದ ಬೆಲೆಯಲ್ಲಿ ಒಂದು ಪಾಲನ್ನು ಗಿರಾಕಿಯಲ್ಲ, ಮಾಣಿಯೇ ತೆತ್ತದ್ದುಂಟು. ಕಳೆದ ಶತಮಾನದ ನಡುಭಾಗದಲ್ಲಿ ಕರಾವಳಿಯ ಬಡಕುಟುಂಬಗಳು ಎಷ್ಟೋ ಹುಡುಗರನ್ನು ಊರವರ ಜೊತೆಮಾಡಿ ಮುಂಬಯಿಗೆ ಕಳುಹಿಸಿದವು. ಮರಾಠಿ ಬಾರದ, ಹಿಂದಿ ಅರಿಯದ ಆ ಬಾಲಕರಿಗೆ ಹೋಟೆಲೇ ಮನೆ. ಗಿರಾಕಿಗಳು ಉಂಡೆದ್ದ ಮೇಜೇ ರಾತ್ರಿಯ ಹಾಸಿಗೆ. ಬೆಳಗಿನ ಜಾವದಿಂದ ಎಂಜಲು ತಟ್ಟೆಗಳನ್ನೆತ್ತಿ, ಸಂಜೆ ಕೈತೊಳೆದುಕೊಂಡು, ಅವರಲ್ಲಿ ಹಲವರು ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಿಗೆ ಓಡುತ್ತಿದ್ದರು. ಗಲ್ಲಾದ ಮೇಲೆ ಕುಳಿತ ಧಣಿ ಬಿಟ್ಟರೆ ಪಾಠ. ಗಿರಾಕಿಗಳು ಹೆಚ್ಚಿದ ದಿನ ಅದೂ ಇಲ್ಲ. ಸಾಂಬಾರಿನ ಕಲೆಯ ಅಂಗಿಯಲ್ಲೇ ಬಂದು ವ್ಯಾಕರಣದ ನಡುವೆ ತೂಕಡಿಸುವ ಹುಡುಗನನ್ನು ಗದರಲು ಯಾವ ಉಪಾಧ್ಯಾಯರಿಗೆ ಮನಸ್ಸು ಬಂದೀತು?

ಹೀಗೆ ಓದಿದವರಲ್ಲಿ ಬ್ಯಾಂಕು ಸೇರಿದವರುಂಟು, ವಕೀಲರಾದವರುಂಟು. ಸ್ವಂತ ಹೋಟೆಲು ತೆರೆದವರೂ ಉಂಟು. ಓದನ್ನು ಅರ್ಧಕ್ಕೆ ಬಿಟ್ಟು ತಟ್ಟೆಗಳ ನಡುವೆಯೇ ಮುದುಕರಾದವರ ಕಥೆಯನ್ನು ಹೇಳುವವರು ಕಡಿಮೆ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ದೇಶದಲ್ಲಿ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಆ ಮಾಣಿಗಳ ತಲೆ ನರೆತಿತ್ತು.