ಗೊತ್ತಿಲ್ಲದ ಹುಳಕ್ಕೊಂದು ಗ್ರೂಪು

1/6

ಗೂಗಲ್ ಮಾಡದೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ಮಳೆಗಾಲದಲ್ಲಿ ನಿಮ್ಮ ಮನೆ ಟ್ಯೂಬ್‌ಲೈಟ್ ಹತ್ತಿರ ಬರೋ ಪತಂಗಗಳಲ್ಲಿ ಎಷ್ಟರ ಹೆಸರು ಗೊತ್ತು? "ದೀಪದ ಹುಳ" ಅನ್ನೋದನ್ನ ಬಿಟ್ಟು ಹೇಳಿ. ಒಂದೂ ಇಲ್ವಾ? ಹಾಗಿದ್ರೆ ಸರಿಯಾದ ಪೇಜ್‌ಗೇ ಬಂದಿದ್ದೀರಿ.

ಕಳೆದ ವಾರ ಮೂರು ಜನ ಜೂನಿಯರ್ಸ್ ಮೆಸೇಜ್ ಮಾಡಿದ್ರು. "ಅಕ್ಕಾ, ಸಬ್ಜೆಕ್ಟೇ ಗೊತ್ತಿಲ್ಲದೆ ಪತಂಗದ ಗ್ರೂಪ್ ಹೇಗೆ ಶುರು ಮಾಡಿದ್ರಿ? ನಮಗೂ ಒಂದು ಮಾಡಬೇಕು ಅಂತಿದೆ, ಧೈರ್ಯ ಬರ್ತಿಲ್ಲ." ಇದಕ್ಕೆ ಒಂದು ಮೆಸೇಜಲ್ಲಿ ಉತ್ತರ ಮುಗಿಯಲ್ಲ. ಅದಕ್ಕೇ ಈ ವಾರ ಆರು ಭಾಗ. ಸೇವ್ ಮಾಡಿಟ್ಟುಕೊಂಡು ನಿಧಾನಕ್ಕೆ ಓದಿ.

2/6

ಮೊದಲು, ಪತಂಗವೇ ಯಾಕೆ?

ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆ. ಹುಳ ಯಾವಾಗ ಜ್ವರಕ್ಕೆ ಕೂರುತ್ತೆ, ಯಾವಾಗ ಹಣ್ಣಾಗುತ್ತೆ, ಯಾವಾಗ ಚಂದ್ರಿಕೆಗೆ ಬಿಡಬೇಕು, ಎಲ್ಲ ಅಮ್ಮನಿಗೆ ಕಣ್ಣಳತೆಯಲ್ಲೇ ಗೊತ್ತು. ಆದರೆ ಆ ಹುಳ ದೊಡ್ಡದಾಗಿ ಪತಂಗ ಆಗೋದು ನಮ್ಮ ಮನೇಲಿ ಕಾಣೋದೇ ಇಲ್ಲ. ಮೊಟ್ಟೆ ಬಿತ್ತನೆ ಕೋಠಿಯಲ್ಲಿ ತಯಾರಾಗುತ್ತೆ. ನಾವು ಮರಿಹುಳ ತರೋದು ಚಾಕಿ ಸೆಂಟರಿಂದ. ಗೂಡು ಕಟ್ಟಿದ ಕೆಲವೇ ದಿನಕ್ಕೆ ಮಾರ್ಕೆಟ್‌ಗೆ ಹೋಗುತ್ತೆ. ಪತಂಗ ಹೊರಗೆ ಬಂದರೆ ಗೂಡಿಗೆ ತೂತು ಬಿದ್ದು ನೂಲು ತುಂಡಾಗುತ್ತೆ. ಹಾಗಾಗಿ ಅದು ಹೊರಬರೋಕೆ ಮುಂಚೆಯೇ ಒಳಗೇ ಸಾಯಬೇಕು.

ಒಂದು ಪತಂಗದ ಮೇಲೆ ನನ್ನ ಕಾಲೇಜು ಫೀಸಿನಿಂದ ಹಿಡಿದು ಮನೆ ಖರ್ಚೆಲ್ಲ ನಡೆಯುತ್ತೆ, ಆ ಪತಂಗವನ್ನ ನಾವು ನೋಡಿಲ್ಲ. ಇದು ತಲೆಗೆ ಹೊಕ್ಕ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಹುಡುಕಿದೆ. ಜಗತ್ತಿನಲ್ಲಿ ಗುರುತಿಸಿರುವ ಪತಂಗದ ಜಾತಿಗಳು ಸುಮಾರು 1,60,000. ಭಾರತದಲ್ಲೇ 10,000ಕ್ಕೂ ಹೆಚ್ಚು. ಚಿಟ್ಟೆಗಳು ಅದರ ಹತ್ತಿರಕ್ಕೂ ಬರಲ್ಲ. ಆದರೂ ಚಿಟ್ಟೆಗೆ ರೀಲ್ಸು, ಪತಂಗಕ್ಕೆ ಪೊರಕೆ!

3/6

ಶುರು ಮಾಡಿದಾಗ ನಾವು ಒಂಬತ್ತು ಜನ. ಬಂಡವಾಳ ಅಂದ್ರೆ ಅಪ್ಪನ ಹಳೇ ಬಿಳಿ ಪಂಚೆ, ಮಹಡಿ ಮೇಲೆ ಒಂದು ಹಗ್ಗ, ಒಂದು ಬಲ್ಬು. ಪಂಚೆ ಕಟ್ಟಿ ಬಲ್ಬು ಹಾಕಿದ್ರೆ ಪತಂಗ ತಾನೇ ಬಂದು ಕೂರುತ್ತೆ. ಬೆಳದಿಂಗಳಿಗಿಂತ ಅಮಾವಾಸ್ಯೆ ಆಸುಪಾಸಿನ ರಾತ್ರಿ ಒಳ್ಳೇದು. ಫೋಟೋ ತೆಗೆದು ಬಲ್ಬು ಆರಿಸಿಬಿಡಿ, ಅವುಗಳ ಪಾಡಿಗೆ ಅವು ಹೋಗಲಿ.

ಗ್ರೂಪಿನ ವಿವರಣೆಯಲ್ಲಿ ಬರೆದದ್ದು ಮೂರೇ ಸಾಲು:

ಇಲ್ಲಿ ಯಾರೂ ಎಕ್ಸ್‌ಪರ್ಟ್ ಇಲ್ಲ. "ಗೊತ್ತಿಲ್ಲ" ಅನ್ನೋದೂ ಉತ್ತರವೇ.
ಫೋಟೋ ಜೊತೆ ತಾರೀಖು, ಸಮಯ, ಊರು, ಯಾವ ಗಿಡದ ಮೇಲೆ, ಇಷ್ಟು ಬರೀಬೇಕು.
ಹೆಸರು ಹೇಳೋರು ಏನು ನೋಡಿ ಹೇಳ್ತಿದ್ದೀರಿ ಅಂತಾನೂ ಹೇಳಬೇಕು.

ಎರಡನೇ ಸಾಲಿನ ಐಡಿಯಾ ಐನ್ಯಾಚುರಲಿಸ್ಟ್‌ನಿಂದ ಬಂದದ್ದು. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಸ್ಟರ್ಸ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು ಅದು. ನಮ್ಮ ಹಾಗೇ ಸ್ಟೂಡೆಂಟ್ಸ್! ಅಲ್ಲಿ ತಾರೀಖು, ಜಾಗ ಇಲ್ಲದ ಫೋಟೋ ಎಷ್ಟೇ ಚೆನ್ನಾಗಿದ್ರೂ ಸಂಶೋಧನಾ ದರ್ಜೆಗೆ ಏರಲ್ಲ. ಹೆಸರಿಗೂ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಪ್ಪಬೇಕು. ಒಬ್ಬರು ಜೋರಾಗಿ ಹೇಳಿದ ಮಾತ್ರಕ್ಕೆ ಆಗಲ್ಲ.

ಮೂರನೇ ಸಾಲು ಬೇಕಾದದ್ದು ಫೋನಿನಿಂದಾಗಿ. ಫೋಟೋ ತೋರಿಸಿದ್ರೆ ಆ್ಯಪ್ ಒಂದು ಸೆಕೆಂಡಲ್ಲಿ ಹೆಸರು ಕೊಡುತ್ತೆ. ಹೆಸರು ಸಿಕ್ಕ ತಕ್ಷಣ ಎಲ್ಲರೂ ನೋಡೋದನ್ನ ನಿಲ್ಲಿಸಿಬಿಡ್ತಾರೆ. "ಏನು ನೋಡಿ ಹೇಳಿದ್ರಿ?" ಅಂತ ಕೇಳಿದ್ರೆ ಮತ್ತೆ ಫೋಟೋ ಹತ್ತಿರಕ್ಕೆ ಎಳೆದು ನೋಡ್ತಾರೆ: ರೆಕ್ಕೆಯ ಅಂಚು, ಮೀಸೆ, ಕೂರೋ ರೀತಿ.

4/6

ಮೊದಲ ತಿಂಗಳು ಗ್ರೂಪಿನಲ್ಲಿ ಪತಂಗಕ್ಕಿಂತ ಗುಡ್ ಮಾರ್ನಿಂಗ್ ಫೋಟೋಗಳೇ ಜಾಸ್ತಿ ಬಂದವು. ಬದಲಾದದ್ದು ಒಂದು ನಂದಿಬಟ್ಟಲ ಗಿಡದಿಂದ.

ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಬೆರಳು ಗಾತ್ರದ ಹಸಿರು ಹುಳದ ಫೋಟೋ ಹಾಕಿದಳು. ಕತ್ತಿನ ಹತ್ತಿರ ನೀಲಿ ಕಣ್ಣಿನಂಥ ಮಚ್ಚೆ, ಹಿಂದೆ ಪುಟ್ಟ ಕೊಂಬು. ಯಾರಿಗೂ ಗೊತ್ತಿಲ್ಲ. ಅವಳ ಅಜ್ಜಿ ಪಕ್ಕದಲ್ಲೇ ಇದ್ದವರು, "ಅದು ಕಣಗಿಲೆ ಮೇಲೂ ಬರುತ್ತೆ ಕಣೆ, ಎಲೆ ಎಲ್ಲ ಖಾಲಿ ಮಾಡುತ್ತೆ" ಅಂದ್ರಂತೆ. ಆ ಒಂದು ಮಾತು ಸಾಕಾಯ್ತು. ಕಣಗಿಲೆ, ನಂದಿಬಟ್ಟಲು ಎರಡನ್ನೂ ತಿನ್ನೋ ಹುಳ ಯಾವುದು ಅಂತ ಹುಡುಕಿದ್ರೆ ಸಿಕ್ಕಿದ್ದು ಡಾಫ್ನಿಸ್ ನೀರಿಯೈ. ಅವಳು ಡಬ್ಬದಲ್ಲಿ ಎಲೆ, ಒಂದಿಷ್ಟು ಮಣ್ಣು ಹಾಕಿ ಸಾಕಿದಳು. ಒಂದು ಬೆಳಗ್ಗೆ ಮಿಲಿಟರಿ ಬಟ್ಟೆಯ ಹಾಗೆ ಹಸಿರು ಪಟ್ಟೆಗಳ, ನಡುವೆ ತಿಳಿ ಗುಲಾಬಿ ಇರೋ ಪತಂಗ ಹೊರಗೆ ಬಂತು. ಅವತ್ತಿನಿಂದ ನಮ್ಮ ಗ್ರೂಪಿನಲ್ಲಿ ಅದು "ಕಣಗಿಲೆ ಪತಂಗ".

ನೋಡಿ, ಅಜ್ಜಿಗೆ ಪತಂಗ ಅಂದ್ರೇನು ಅಂತ ಗೊತ್ತಿಲ್ಲದೇ ಇರಬಹುದು, ಗಿಡ ಗೊತ್ತಿತ್ತು. ಎಕ್ಸ್‌ಪರ್ಟ್ ಗ್ರೂಪ್ ಆಗಿದ್ರೆ ಅಜ್ಜಿ ಮಾತು ಒಳಗೇ ಬರ್ತಿರಲಿಲ್ಲ.

5/6

ಈಗ ಸ್ವಲ್ಪ ಸೀರಿಯಸ್ ವಿಷಯ.

ಒಂದು ರಾತ್ರಿ ಸದಸ್ಯನೊಬ್ಬ ಮುಸುಕಿನ ಜೋಳದ ಸುಳಿಯ ಫೋಟೋ ಕಳಿಸಿದ. ಎಲೆ ತೂತು ತೂತು, ಸುಳಿ ತುಂಬ ಹಿಕ್ಕೆ, ನಡುವೆ ಒಂದು ಹುಳ. "ಮಾವನ ಹೊಲ. ಏನು ಹೊಡೀಬೇಕು, ಬೇಗ ಹೇಳಿ." ಅರ್ಧ ಗಂಟೆಯಲ್ಲಿ ಹನ್ನೊಂದು ಉತ್ತರ, ಹುಳಕ್ಕೆ ನಾಲ್ಕು ಹೆಸರು, ಜೊತೆಗೆ ಎರಡು ಔಷಧಿ. ಎಲ್ಲರಿಗೂ ಸಹಾಯ ಮಾಡೋ ಮನಸ್ಸೇ. ಆದರೆ ಫೋಟೋದ ಮೂಲೆಯಲ್ಲಿ ಇನ್ನೊಂದು ಕಾಣ್ತಿತ್ತು: ಬದುವಿನ ಆಚೆ ಪಕ್ಕದವರ ಹಿಪ್ಪುನೇರಳೆ ತೋಟ.

ರೇಷ್ಮೆ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜೋಳಕ್ಕೆ ಹೊಡೆದ ಔಷಧಿ ಗಾಳಿಗೆ ಸೊಪ್ಪಿನ ಮೇಲೆ ಬಿದ್ರೆ, ಆ ಸೊಪ್ಪು ತಿಂದ ಹುಳ ಸಾಯುತ್ತೆ. ಒಂದು ಬೆಳೆ ಹೋದ್ರೆ ಆ ಮನೆಯ ಸಾಲದ ಕಂತು, ಮಕ್ಕಳ ಫೀಸು ಎಲ್ಲ ಹೋಯ್ತು. ಒಂದೇ ಬದುವಿನ ಈ ಕಡೆ ಕೊಲ್ಲಬೇಕಾದ ಪತಂಗದ ಮರಿ, ಆ ಕಡೆ ಸಾಕಬೇಕಾದ ಪತಂಗದ ಮರಿ.

ನಾನು ಎರಡೇ ಪ್ರಶ್ನೆ ಕೇಳಿದೆ. ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತು ಇದೆಯಾ? ಬಾಲದ ಹತ್ತಿರ ಚೌಕಕ್ಕೆ ಜೋಡಿಸಿದ ಹಾಗೆ ನಾಲ್ಕು ಕಪ್ಪು ಚುಕ್ಕಿ ಇದೆಯಾ? ಎರಡೂ ಇದ್ರೆ ಫಾಲ್ ಸೈನಿಕ ಹುಳು ಇರಬಹುದು. ಅಮೆರಿಕ ಖಂಡದ ಪತಂಗ ಅದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಕರ್ನಾಟಕದ ಮುಸುಕಿನ ಜೋಳದಲ್ಲೇ.

ಆದರೆ "ಇರಬಹುದು" ಅಂತ ಔಷಧಿ ಹೊಡೆಯೋಕೆ ಆಗಲ್ಲ. ಬೆಳಗ್ಗೆ ಗಿಡದ ಸಮೇತ ಹುಳ ತಗೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅಂತ ಹೇಳಿದ್ವಿ. ಅವರು ಹೋದ್ರು. ಅದೇ ಹುಳ ಅಂತ ಖಚಿತವಾಯ್ತು. ಏನು ಮಾಡಬೇಕು ಅಂತ ಅಲ್ಲಿಯವರೇ ಹೇಳಿದ್ರು. ಪಕ್ಕದ ತೋಟದವರಿಗೆ ಮೊದಲೇ ತಿಳಿಸಿದ್ದರಿಂದ ಅವರು ಬೇಕಾದಷ್ಟು ಸೊಪ್ಪು ಮುಂಚೆಯೇ ಕೊಯ್ದುಕೊಂಡ್ರು. ಆ ಬೆಳೆ ಉಳೀತು.

ಅವತ್ತು ನಾಲ್ಕನೇ ಸಾಲು ಸೇರಿಸಿದ್ವಿ: ಗ್ರೂಪಿನಲ್ಲಿ ಔಷಧಿ ಹೆಸರು ಹೇಳೋ ಹಾಗಿಲ್ಲ. ಇಬ್ಬರು ಬೇಜಾರಾಗಿ ಹೊರಗೆ ಹೋದ್ರು. ಹೋಗಲಿ.

6/6

ನೀವೂ ಶುರು ಮಾಡೋದಾದ್ರೆ ನನ್ನ ಅನುಭವದ ಮಾತು ಇಷ್ಟೇ.

ವಿಷಯ ಚಿಕ್ಕದಿರಲಿ, ಮನೆಯಿಂದ ನಡೆದು ಹೋಗೋ ದೂರದಲ್ಲಿ ಸಿಗೋದಿರಲಿ. ಜೇಡ, ಪಾಚಿ, ಹಳೇ ಬಾವಿ, ಊರಮುಂದಿನ ವೀರಗಲ್ಲು, ಯಾವುದಾದ್ರೂ ಸರಿ.

ಸದಸ್ಯರ ಸಂಖ್ಯೆ ಎಣಿಸಬೇಡಿ. ತಾರೀಖು, ಊರು ಬರೆದ ಫೋಟೋ ಎಷ್ಟಿವೆ ಅಂತ ಎಣಿಸಿ. ನಾಳೆ ಗೊತ್ತಿರೋರು ಯಾರಾದ್ರೂ ಬಂದು ನೋಡಿದ್ರೆ ಅವರಿಗೆ ಉಪಯೋಗಕ್ಕೆ ಬರೋದು ಅದೇ.

ಮೊದಲು "ಗೊತ್ತಿಲ್ಲ" ಅನ್ನೋರು ನೀವೇ ಆಗಿ. ಅಡ್ಮಿನ್ ಹೇಳಿದ್ರೆ ಉಳಿದವರಿಗೆ ನಾಚಿಕೆ ಹೋಗುತ್ತೆ. ಆದರೆ ಯಾರದೋ ಬೆಳೆ, ಜೀವ, ದುಡ್ಡಿನ ಪ್ರಶ್ನೆ ಬಂದಾಗ "ಗೊತ್ತಿಲ್ಲ" ಅಂತ ಸುಮ್ಮನಾಗಬೇಡಿ. ಗೊತ್ತಿರೋರು ಎಲ್ಲಿ ಸಿಗ್ತಾರೆ ಅಂತ ದಾರಿ ತೋರಿಸಿ. ಆ ವಿಳಾಸಗಳನ್ನ ಇವತ್ತೇ ಬರೆದಿಟ್ಟುಕೊಳ್ಳಿ.

ನಿಮ್ಮ ಗೋಡೆ ಮೇಲೆ ಇವತ್ತು ಯಾವುದು ಕೂತಿದೆ? ಫೋಟೋ, ತಾರೀಖು, ಊರು, ಗಿಡ ಕಳಿಸಿ. ಹೆಸರು ಗೊತ್ತಿಲ್ದಿದ್ರೂ ಪರವಾಗಿಲ್ಲ, ಕಳಿಸಿ. ಮುಂದಿನ ವಾರ: ಪಂಚೆ ಕಟ್ಟೋದು ಹೇಗೆ, ಅಪ್ಪನನ್ನ ಒಪ್ಪಿಸೋದು ಹೇಗೆ.

#ಪತಂಗ #ದೀಪದಹುಳ #ಗೊತ್ತಿಲ್ಲ