ಮತ್ತಿಗಿರಿಯ ದಾರಿಯಲ್ಲಿ ಕಲಿತ ಪಾಠ

ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವನ್ನು ಹಿಂದೆ ಬಿಟ್ಟು ದೇನ್ಕಣಿಕೋಟೆಯ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಮತ್ತಿಗಿರಿ ಸಿಗುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ಸೀಮೆಯಿದು. ಈ ಊರಿನ ಹೆಸರು ಹೊರಗೆ ಹಬ್ಬಿದ್ದು ಇಲ್ಲಿನ ಸರಕಾರಿ ಜಾನುವಾರು ಕ್ಷೇತ್ರದಿಂದ. ಒಂದು ಕಾಲಕ್ಕೆ ಸೈನ್ಯದ ಕುದುರೆಗಳು ಮೇಯುತ್ತಿದ್ದ ಈ ಬಯಲಿನಲ್ಲಿ ಮುಂದೆ ಕೆಂಪು ಸಿಂಧಿ, ಕಾಂಗೇಯಂ ತಳಿಯ ದನಗಳು ಬೆಳೆದವು. ಈಗ ಕೋಳಿ ಸಾಕಾಣಿಕೆಯನ್ನು ಕಲಿಸುವ ಕಾಲೇಜೂ ಇಲ್ಲಿದೆ.

ನಾವು ಈ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇವೆ. ಆದರೆ ಇಲ್ಲಿನ ಹಸಿರನ್ನು ಕಂಡಾಗ ಮೊದಲಿನಂತೆ ಹಿಗ್ಗದೆ ಒಂದು ಕ್ಷಣ ತಡೆದು ನಿಲ್ಲುವಂತಾದದ್ದು 2018ರಿಂದ ಈಚೆಗೆ.

ಆ ವರ್ಷದ ಬೇಸಗೆಯಲ್ಲಿ ಮೇವು ತುಟ್ಟಿಯಾಗಿತ್ತು. ನಮ್ಮ ಶಾಲೆಯ ಹುಡುಗನೊಬ್ಬನ ತಾಯಿ, ಗಂಡನನ್ನು ಕಳೆದುಕೊಂಡಾಕೆ, ಒಂದೇ ಹಸುವಿನ ಹಾಲು ಮಾರಿ ಸಂಸಾರ ತೂಗಿಸುತ್ತಿದ್ದರು. "ಕೆರೆಯಂಚಿನಲ್ಲಿ ಹಸಿರು ಹುಲ್ಲಿದೆಯಲ್ಲಾ, ಅಲ್ಲಿ ಬಿಡಿ" ಎಂದು ಸಲಹೆ ಕೊಟ್ಟವರು ನಾವೇ. ಮಳೆಗಾಲ ಬರುವ ವೇಳೆಗೆ ಹಸು ಸೊರಗಿತು. ಹಾಲು ಇಳಿಯಿತು. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಜೋತುಬಿತ್ತು. ದೃಷ್ಟಿಯಾಗಿದೆಯೆಂದು ತಾಯಿತ ಕಟ್ಟಿದರು. ನಾವು ಪಶುವೈದ್ಯರೊಬ್ಬರನ್ನು ಕರೆತಂದೆವು.

ವೈದ್ಯರು ಸಗಣಿಯನ್ನು ಪರೀಕ್ಷೆಗೆ ತೆಗೆದುಕೊಂಡರು. ಬಳಿಕ ಹಸುವಿನ ಬಲಗಡೆಯ ಪಕ್ಕೆಲುಬುಗಳ ನಡುವೆ ಕೂದಲು ಬೋಳಿಸಿ, ಲೋಳೆ ಸವರಿ, ಕೈಯಲ್ಲಿ ಹಿಡಿಯುವಂಥ ಸ್ಕ್ಯಾನ್ ಯಂತ್ರದ ತುದಿಯನ್ನು ಒತ್ತಿ ಹಿಡಿದರು. ಬಸುರಿಯರಿಗೆ ಮಾತ್ರ ಸ್ಕ್ಯಾನ್ ಎಂದು ತಿಳಿದಿದ್ದ ನೆರೆಹೊರೆಯವರು ಬೆರಗಾಗಿ ನೋಡಿದರು. ಕಿವಿಗೆ ಕೇಳದಷ್ಟು ತೀಕ್ಷ್ಣವಾದ ಶಬ್ದವನ್ನು ಒಳಗೆ ಕಳುಹಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರ ಕಟ್ಟುವ ಉಪಾಯವಿದು. ಕಬ್ಬಿಣದೊಳಗಿನ ಬಿರುಕನ್ನು ಹುಡುಕುತ್ತಿದ್ದ ಯಂತ್ರವನ್ನು ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮನುಷ್ಯ ದೇಹಕ್ಕೆ ಬಳಸಿ 1958ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು.

ಆರೋಗ್ಯವಂತ ಹಸುವಿನ ಪಿತ್ತನಾಳಗಳು ಈ ಚಿತ್ರದಲ್ಲಿ ಕಂಡೂ ಕಾಣದಂತಿರುತ್ತವಂತೆ. ನಾವು ನೋಡಿದ ಚಿತ್ರದಲ್ಲಿ ಅವು ದಪ್ಪಗೋಡೆಯ ಕೊಳವೆಗಳಂತೆ ಬಿಳಿಯಾಗಿ ಹೊಳೆಯುತ್ತಿದ್ದವು. "ಹುಳು ಬಹುದಿನಗಳಿಂದ ಮನೆ ಮಾಡಿದೆ" ಎಂದರು ವೈದ್ಯರು. ಸಗಣಿಯಲ್ಲಿ ಮೊಟ್ಟೆಗಳೂ ಕಂಡವು.

ಎಲೆಯಾಕಾರದ ಈ ಹುಳುವಿನ ಬಾಳು ವಿಚಿತ್ರವಾದುದು. ಸಗಣಿಯೊಡನೆ ನೀರು ಸೇರಿದ ಮೊಟ್ಟೆ ಒಡೆದು, ಮರಿ ಒಂದು ಜಾತಿಯ ಬಸವನಹುಳುವಿನೊಳಗೆ ಹೊಕ್ಕು ಅಲ್ಲಿ ನೂರ್ಮಡಿಯಾಗುತ್ತದೆ. ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿ, ಕಣ್ಣಿಗೆ ಕಾಣದ ಕೋಶವಾಗಿ ಕಾಯುತ್ತದೆ. ದನ ಮೇಯ್ದಾಗ ಹೊಟ್ಟೆ ಸೇರಿ, ಯಕೃತ್ತನ್ನು ಕೊರೆದುಕೊಂಡು ಹೋಗಿ ಪಿತ್ತನಾಳದಲ್ಲಿ ನೆಲೆಸುತ್ತದೆ. ಬೇಸಗೆಯಲ್ಲಿ ಕೆರೆ ಇಂಗಿದಂತೆಲ್ಲ ದನಗಳು ಅದೇ ಅಂಚಿಗೆ ಮೇಯಲು ಇಳಿಯುತ್ತವೆ. ನಾವು ತೋರಿಸಿಕೊಟ್ಟ ಹಸಿರು ಅದೇ ಆಗಿತ್ತು!

ಮನುಷ್ಯರಿಗೂ ಈ ಬಗೆಯ ಪೀಡೆಯುಂಟು. ಈಶಾನ್ಯ ಥಾಯ್ಲೆಂಡಿನಲ್ಲಿ ಹಸಿಮೀನಿನ ತಿನಿಸಿನಿಂದ ಬರುವ ಬೇರೊಂದು ಜಾತಿಯ ಹುಳು ಪಿತ್ತನಾಳದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿ ಸಾರಿತು. 2013ರಿಂದ ಅಲ್ಲಿನ ಖೋನ್ ಕೇನ್ ವಿಶ್ವವಿದ್ಯಾಲಯದವರು ಹಳ್ಳಿಹಳ್ಳಿಗೆ ಸ್ಕ್ಯಾನ್ ಯಂತ್ರ ಒಯ್ದು, ರೋಗ ಬಲಿಯುವ ಮೊದಲೇ ಗುರುತಿಸುವ ಕೆಲಸ ಕೈಗೊಂಡರು. ನಮ್ಮ ದನಗಳ ಹುಳು ಮನುಷ್ಯರಿಗೆ ತಗಲುವುದು ಅಪರೂಪ. ಆದರೂ ದನ ಇಳಿಯುವ ಕೆರೆಯಂಚಿನಲ್ಲಿ ಬೆಳೆದ ಒಂದೆಲಗವನ್ನು ಹಸಿಯಾಗಿ ಅರೆದು ತಿನ್ನುವವರು ಯೋಚಿಸಬೇಕು. ಬೇಯಿಸಿದರೆ ಭಯವಿಲ್ಲ, ಬರಿದೆ ತೊಳೆದರೆ ಸಾಲದು.

ವೈದ್ಯರು ಔಷಧ ಕೊಟ್ಟರು. ಹುಳು ಸತ್ತರೂ ಗಟ್ಟಿಯಾದ ಯಕೃತ್ತು ಮೆತ್ತಗಾಗಲಿಲ್ಲ. ಸಂಕ್ರಾಂತಿಗೆ ಮೊದಲೇ ಹಸು ಹೋಯಿತು. ಯಂತ್ರ ತೋರಿಸಿದ್ದು ಆಗಿಹೋದ ಹಾನಿಯನ್ನು. ಅದನ್ನು ತಡೆಯುವ ಕಾಲ ಮೀರಿತ್ತು. ನಾವು ಆ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತಾಗ ಆ ತಾಯಿ, "ನೀವು ಒಳ್ಳೇದಕ್ಕೇ ಹೇಳಿದ್ರಿ ಮೇಷ್ಟ್ರೇ, ನಿಮಗೇನು ಗೊತ್ತಿತ್ತು" ಎಂದರು. ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಜಾನುವಾರು ಕ್ಷೇತ್ರದ ಮಗ್ಗುಲಲ್ಲೇ ಓಡಾಡುತ್ತ, ನಾವು ಒಂದು ಸಲವೂ ಯಾರನ್ನೂ ಕೇಳಿರಲಿಲ್ಲ.

ಈಗ ಪ್ರತಿ ಬೇಸಗೆಯ ಮುನ್ನ ನಮ್ಮ ಶಾಲೆಯ ಮಕ್ಕಳಿಗೆ ಬಸವನಹುಳುವಿನ ಚಿತ್ರ ಬರೆದು ಪಾಠ ಹೇಳುತ್ತೇವೆ. ದನವನ್ನು ಕೆರೆಯಂಚಿಗೆ ಬಿಡದೆ ಬಾವಿಯ ನೀರನ್ನು ತೊಟ್ಟಿಗೆ ತುಂಬಿ ಕುಡಿಸಿರಿ, ವೈದ್ಯರನ್ನು ಕೇಳಿ ಕಾಲಕಾಲಕ್ಕೆ ಜಂತಿನ ಔಷಧ ಹಾಕಿಸಿರಿ ಎಂದು ಮನೆಗೆ ಹೇಳಿಕಳುಹಿಸುತ್ತೇವೆ. ಓದುಗರೂ ತಮ್ಮ ಊರಿನ ಕೆರೆಯಂಚನ್ನು ಒಮ್ಮೆ ನೋಡಿ ಬರಲಿ ಎಂಬುದೇ ನಮ್ಮ ಕೋರಿಕೆ.